ಹತ್ತಡಿ, ಎಂಟಡಿ, ಎಂಟಡಿ

ಜೂನ್ ೩, ಮಂಗಳವಾರ

ಪ್ರೀತಿಯ ಚೂಟಿಗೆ,

ನಿನ್ನ ಕಾಗದ ಬಂದು ಎರಡು ವಾರವಾಯಿತು. ಉತ್ತರ ಬರೆಯದಿದ್ದಕ್ಕೆ ಬೈಯಬೇಡ, ಕಾರಣ ಕೇಳಿದರೆ ಕುಣಿಯುತ್ತೀಯ. ನನಗೆ ಬಡ್ತಿ ಸಿಕ್ಕಿದೆ. ಕೊಟ್ಟಿಗೆ ತೊಳೆಯುವ ಕೆಲಸ ಹೋಯಿತು, ಈಗ ನಾನು ನಮ್ಮ ದನದ ಫಾರಂನ ಬೀಜದ ಕೋಣೆಯ ಉಸ್ತುವಾರಿ.

ಹೋರಿಯ ಬೀಜವನ್ನು, ಅಂದರೆ ವೀರ್ಯವನ್ನು, ಕಡ್ಡಿಯಷ್ಟು ಸಣ್ಣ ಕೊಳವೆಗಳಲ್ಲಿ ತುಂಬಿ, ದ್ರವ ಸಾರಜನಕದ ಕ್ಯಾನುಗಳಲ್ಲಿ ಮುಳುಗಿಸಿ ಇಡುವ ಕೋಣೆ ಅದು. ಕಣ್ಣಿಗೆ ನೀರಿನಂತೆಯೇ ಕಾಣುತ್ತದೆ, ಬೆರಳು ಅದ್ದಿದರೆ ಬೆರಳು ಹೋಯಿತು. ಮುಚ್ಚಳ ತೆಗೆದರೆ ಬಿಳಿ ಹೊಗೆ ಎದ್ದು ಕಾಲಬುಡದಲ್ಲಿ ಹರಿಯುತ್ತದೆ. ಸತ್ತು ಮಣ್ಣಾದ ಹೋರಿಗೂ ಇಲ್ಲಿಂದ ಕರು ಹುಟ್ಟುತ್ತದೆ.

ಒಂದು ತಲೆನೋವು ಮಾತ್ರ ಇದೆ. ನನಗಿಂತ ಮುಂಚೆ ಈ ಕೋಣೆ ನೋಡಿಕೊಳ್ಳುತ್ತಿದ್ದ ಮುದುಕರನ್ನು ಎಲ್ಲರೂ ಗೊಣಗಪ್ಪ ಅನ್ನುತ್ತಾರೆ. ಮೂವತ್ತು ವರ್ಷ ಕಿಟಕಿ ಮುಚ್ಚಿದವರಲ್ಲ. ಈ ಗುಡ್ಡದ ಗಾಳಿ ನಿನಗೆ ಗೊತ್ತಲ್ಲ, ಒಳಗೆಲ್ಲ ಕೆಂಪು ಧೂಳು. ಕ್ಯಾನಿನ ಚೀಟಿಗಳು ಓದಲು ಬರುವುದಿಲ್ಲ. ಜುಲೈ ೨೫ಕ್ಕೆ ಮೇಲಿನವರ ತಪಾಸಣೆ ಇದೆ, ಕಿಟಕಿ ಬಿಗಿಯಾಗಿ ಮುಚ್ಚಿಸಿ ಎಂದು ಸಾಹೇಬರ ಆಜ್ಞೆ. ತಪಾಸಣೆ ಚೆನ್ನಾಗಿ ಆದರೆ ನನ್ನ ಕೆಲಸ ಖಾಯಂ. ಗೊಣಗಪ್ಪನವರನ್ನು ಕೇಳಿದರೆ, "ಕಿಟಕಿ ಮುಟ್ಬೇಡ ಅಂದ್ರೆ ಮುಟ್ಬೇಡ, ಅಷ್ಟೇ" ಅಂದು ಬೆನ್ನು ತಿರುಗಿಸಿದರು. ಕಾರಣ ಮಾತ್ರ ಹೇಳುವುದಿಲ್ಲ.

ಅದಕ್ಕೇ ನಿನ್ನನ್ನು ಕೇಳುತ್ತಿದ್ದೇನೆ. ಜುಲೈ ೧೨ರಂದು ಎಂಟು ಹೊಸ ಕ್ಯಾನು ಬರುತ್ತವೆ. ಬೆಚ್ಚಗಿನ ಕ್ಯಾನಿಗೆ ಮೊದಲ ಸಲ ಸುರಿದರೆ ಬಹಳಷ್ಟು ಕುದಿದು ಹಾರಿಹೋಗುತ್ತದೆ, ಎಂಟಕ್ಕೂ ಸೇರಿ ಇಪ್ಪತ್ತು ಲೀಟರಾದರೂ ಆವಿಯಾಗುತ್ತದಂತೆ. ಕೋಣೆ ಹತ್ತಡಿ ಉದ್ದ, ಎಂಟಡಿ ಅಗಲ, ಎಂಟಡಿ ಎತ್ತರ. ಕಿಟಕಿ ಮುಚ್ಚಿದರೆ ಏನಾದರೂ ತೊಂದರೆಯಾ? ನಮ್ಮ ವಂಶದಲ್ಲೇ ಭೌತಶಾಸ್ತ್ರದಲ್ಲಿ ಕ್ಲಾಸಿಗೆ ಮೊದಲು ಬಂದವಳು ನೀನೊಬ್ಬಳು. ನನಗೆ ಒಂದು ಲೆಕ್ಕ ಮಾಡಿಕೊಡು.

ಇಲ್ಲಿ ಫೋನು ಒಂದೇ, ಸಾಹೇಬರ ಮೇಜಿನ ಮೇಲೆ. ಗಾಳಿ ಬೀಸಿದರೆ ಅದೂ ಮೂಕ. ಟಪಾಲು ವ್ಯಾನು ಮಂಗಳವಾರ ಮಾತ್ರ ಗುಡ್ಡ ಹತ್ತುವುದು, ನೆನಪಿರಲಿ.

ನಿನ್ನ ಅಕ್ಕ


ಜೂನ್ ೧೦

ಪ್ರೀತಿಯ ಅಕ್ಕನಿಗೆ,

ಉಸ್ತುವಾರಿಯವರಿಗೆ ನಮಸ್ಕಾರ! ಇನ್ನು ಮೇಲೆ ನಿನಗೆ ಕಾಗದ ಬರೆಯಲೂ ಅರ್ಜಿ ಹಾಕಬೇಕೇನೋ.

ನಿನ್ನ ಲೆಕ್ಕ ಮಾಡಿದೆ. ಕೇಳು. ಒಂದು ಲೀಟರ್ ದ್ರವ ಸಾರಜನಕ ಆವಿಯಾದರೆ ಸುಮಾರು ಏಳುನೂರು ಲೀಟರ್ ಅನಿಲವಾಗುತ್ತದೆ. ಇಪ್ಪತ್ತು ಲೀಟರ್ ಅಂದರೆ ಹದಿನಾಲ್ಕು ಸಾವಿರ. ಕೇಳಿದರೆ ಎದೆ ಧಸಕ್ಕೆನ್ನುತ್ತದೆ, ಆದರೆ ನಿನ್ನ ಕೋಣೆಯೂ ಸಣ್ಣದಲ್ಲ. ಹತ್ತು, ಎಂಟು, ಎಂಟು ಗುಣಿಸಿದರೆ ಆರುನೂರ ನಲವತ್ತು. ಒಂದು ಮೀಟರಿಗೆ ಮೂರು ಅಡಿ ಮತ್ತು ಚೂರು. ಭಾಗಿಸಿದರೆ ನೂರ ತೊಂಬತ್ತೈದು ಘನ ಮೀಟರ್, ಅಂದರೆ ಒಂದು ಲಕ್ಷ ತೊಂಬತ್ತೈದು ಸಾವಿರ ಲೀಟರ್ ಗಾಳಿ. ಅದರಲ್ಲಿ ಹದಿನಾಲ್ಕು ಸಾವಿರ ಯಾವ ಲೆಕ್ಕ? ನೂರರಲ್ಲಿ ಇಪ್ಪತ್ತೊಂದು ಪಾಲು ಇರುವ ಆಮ್ಲಜನಕ ಹತ್ತೊಂಬತ್ತೂವರೆಗೆ ಇಳಿಯುತ್ತದೆ. ನಿನ್ನ ಮೂಗಿಗೆ ಗೊತ್ತೂ ಆಗುವುದಿಲ್ಲ.

ನೆಮ್ಮದಿಯಾಗಿ ಕಿಟಕಿ ಮುಚ್ಚಿಸು. ಮುದುಕರಿಗೆ ಗೊಣಗಲು ಒಂದು ಕಿಟಕಿ ಬೇಕಿತ್ತು, ಅಷ್ಟೆ.

ಇಲ್ಲಿ ಜೀವಶಾಸ್ತ್ರದವರಿಗೆ ಭೌತಶಾಸ್ತ್ರ ಕಲಿಸುವ ಮೇಡಂ ಬಲು ಕಟ್ಟುನಿಟ್ಟು. ಲೆಕ್ಕ ತಪ್ಪಿಸಿಕೊಳ್ಳಲೆಂದೇ ಕಪ್ಪೆ, ಜಿರಳೆ ಆರಿಸಿಕೊಂಡ ಎಪ್ಪತ್ತು ಜನರಿಗೆ ದಿನಾ ಲೆಕ್ಕ ಕೊಡುತ್ತಾರೆ. ಇಲಿಯ ಎದೆ ಯಾಕೆ ಅಷ್ಟು ಬೇಗ ಬಡಿಯುತ್ತದೆ, ಆನೆಯ ಕಾಲು ಯಾಕೆ ಅಷ್ಟು ದಪ್ಪ, ಎಲ್ಲಕ್ಕೂ ಲೆಕ್ಕವೇ. ಪರೀಕ್ಷೆಯ ದಿನ ಬೆಳಿಗ್ಗೆ ನಾಲ್ಕಕ್ಕೇ ಎದ್ದು ಸೂತ್ರ ಉರುಹೊಡೆಯುತ್ತೇನೆ, ಆದರೂ ಭಯ. ಆದರೆ ನಿಭಾಯಿಸುತ್ತೇನೆ, ನೀನು ಚಿಂತೆ ಮಾಡಬೇಡ.

ನಿನ್ನ ಚೂಟಿ


ಜೂನ್ ೨೯, ಭಾನುವಾರ

ಪ್ರೀತಿಯ ಚೂಟಿಗೆ,

ನಿನ್ನ ಕಾಗದ ಹದಿನೇಳಕ್ಕೆ ಕೈಗೆ ಬಂತು. ನನಗೆ ಅರ್ಥವಾದದ್ದು ಅರ್ಧ, ಹೆಮ್ಮೆಯಾದದ್ದು ಪೂರ್ತಿ. ಸಾಹೇಬರು ಗಟ್ಟಿಯಾಗಿ ಓದಿಸಿ, "ನೋಡ್ರೀ, ಇದಕ್ಕೆ ಅಂತಾರೆ ವಿದ್ಯೆ" ಅಂದು ಫೈಲಿಗೆ ಹಾಕಿಕೊಂಡರು. ಮರುದಿನವೇ ಬಡಗಿ ಬಂದು ಕಿಟಕಿಗೆ ಹಲಗೆ ಹೊಡೆದು ಸಂದಿಗೆಲ್ಲ ಅಂಟು ಮೆತ್ತಿಹೋದ. ಬಾಗಿಲ ಅಡಿಗೆ ರಬ್ಬರ್ ಪಟ್ಟಿಯನ್ನೂ ಹಾಕಿಸಿದ್ದೇನೆ. ಈಗ ಕೋಣೆ ಕನ್ನಡಿಯಂತಿದೆ.

ವಿಷಯ ತಿಳಿದು ಗೊಣಗಪ್ಪನವರು ಗುಡ್ಡ ಹತ್ತಿಕೊಂಡು ಬಂದರು. ಹಲಗೆಯನ್ನು ತಟ್ಟಿ ನೋಡಿದರು. ಬೈಯಲು ಬಾಯಿ ತೆರೆದವರಿಗೆ ನಿನ್ನ ಲೆಕ್ಕ ಓದಿ ಹೇಳಿದೆ. ತಲೆ ತಗ್ಗಿಸಿ ಕೇಳಿದರು. "ಓದಿದವ್ರು ಹೇಳಿದ್ಮೇಲೆ ನಾನೇನು ಹೇಳ್ಲಿ. ನಂಗೆ ಹೆಬ್ಬೆಟ್ಟು ಒತ್ತೋದು ಬಿಟ್ಟು ಬೇರೆ ಬರಲ್ಲ" ಅಂದು ಹೊರಟೇ ಹೋದರು. ಪಾಪ ಅನ್ನಿಸಿತು.

ಹನ್ನೆರಡನೇ ತಾರೀಖು ಕ್ಯಾನು ತುಂಬಲು ಲಾರಿ ಅಣ್ಣ ಬರುತ್ತಾರೆ. ಸಾರಜನಕ ತರುವ ಲಾರಿಯ ಚಾಲಕರು ಅವರು, ನಗೆಚಾಟಿಕೆಯ ಮನುಷ್ಯ. ಖಾಲಿ ಕ್ಯಾನಿನೊಳಗೆ ತಲೆ ಹಾಕಿ ಹಾಡುತ್ತಾರೆ. ನನಗೆ ತಂಗಿಯೊಬ್ಬಳು ಇದ್ದಾಳೆ, ದೊಡ್ಡ ಓದು ಓದುತ್ತಿದ್ದಾಳೆ ಎಂದು ಅವರಿಗೆ ನೂರು ಸಲ ಹೇಳಿರಬೇಕು.

ಮೊನ್ನೆ ಒಂದು ತಮಾಷೆ. ಕೋಣೆಯ ಮೂಲೆಯಲ್ಲಿ ಎರಡು ಹಲ್ಲಿ ಅಂಗಾತ ಬಿದ್ದಿದ್ದವು. ಚಳಿಗೆ ಸತ್ತವೇನೋ. ಗುಡಿಸಿ ಹಾಕಿದೆ.

ನಿನ್ನ ಅಕ್ಕ


ಜುಲೈ ೫, ಶನಿವಾರ

ಅಕ್ಕ,

ಮೊದಲು ಕಿಟಕಿ ಒಡೆ. ಈ ಕಾಗದ ಪೂರ್ತಿ ಓದುವ ಮುಂಚೆ ಎದ್ದು ಹೋಗಿ ಹಲಗೆ ಕಿತ್ತು ಹಾಕು. ಬಾಗಿಲು ತೆರೆದಿಡು. ಹೊಸ ಕ್ಯಾನು ತುಂಬುವುದಾದರೆ ಅಂಗಳದಲ್ಲಿ ತುಂಬು. ಕೋಣೆಯೊಳಗೆ ಬೇಡ, ನಿನ್ನ ಕಾಲಿಗೆ ಬೀಳುತ್ತೇನೆ.

ನನ್ನ ಲೆಕ್ಕ ತಪ್ಪು.

ಇವತ್ತು ಬೆಳಿಗ್ಗೆ ಕಿರುಪರೀಕ್ಷೆಯ ಉತ್ತರಪತ್ರಿಕೆ ಕೊಟ್ಟರು. ಇಲಿಯ ಪಂಜರದಲ್ಲಿ ಎಷ್ಟು ಗಾಳಿ ಇದೆ ಎಂಬ ಪ್ರಶ್ನೆ ಇತ್ತು. ಮೇಡಂ ಕೆಂಪು ಶಾಯಿಯಲ್ಲಿ ಗೀಚಿ, ಎಲ್ಲರೆದುರು, "ಏನಮ್ಮ, ನಿನ್ನ ಇಲಿಗೆ ಕಲ್ಯಾಣ ಮಂಟಪ ಕಟ್ಟಿಸಿದ್ದೀಯ?" ಅಂದರು. ಎಲ್ಲರೂ ನಕ್ಕರು, ನಾನೂ ನಕ್ಕೆ. ಉದ್ದವನ್ನು ಅಡಿಯಿಂದ ಮೀಟರಿಗೆ ತರಲು ಒಂದು ಸಲ ಭಾಗಿಸಬೇಕು. ಕೋಣೆಗೆ ಉದ್ದ, ಅಗಲ, ಎತ್ತರ ಮೂರೂ ಇವೆ, ಮೂರು ಸಲ ಭಾಗಿಸಬೇಕು. ನಾನು ಒಂದೇ ಸಲ ಭಾಗಿಸಿದ್ದೆ. ಜಾಗಕ್ಕೆ ಬಂದು ಕೂತ ಮೇಲೆ ನಿನ್ನ ಕೋಣೆ ನೆನಪಾಯಿತು. ಅದಕ್ಕೂ ಒಂದೇ ಸಲ ಭಾಗಿಸಿದ್ದೆ.

ನಿನ್ನ ಕೋಣೆ ನಾನು ಹೇಳಿದ್ದರ ಹನ್ನೊಂದನೇ ಒಂದು ಪಾಲು. ಅದರಲ್ಲಿ ಇರುವುದು ಹದಿನೆಂಟು ಸಾವಿರ ಲೀಟರ್ ಗಾಳಿ. ಅಲ್ಲಿಗೆ ಹದಿನಾಲ್ಕು ಸಾವಿರ ಲೀಟರ್ ಸಾರಜನಕ ಬಿಡಲು ಹೇಳಿದ್ದೇನೆ.

ಇನ್ನೂ ಒಂದು ಹೇಳಬೇಕು, ಇದು ನನಗೆ ಚೆನ್ನಾಗಿ ಬರುವ ಪಾಠ. ನಮಗೆ ಉಸಿರು ಕಟ್ಟಿದಂತೆ ಅನ್ನಿಸುವುದು ಇಂಗಾಲದ ಡೈ ಆಕ್ಸೈಡ್ ಮೈಯಲ್ಲಿ ಹೆಚ್ಚಾದಾಗ. ಸಾರಜನಕದಲ್ಲಿ ಅದು ಹೆಚ್ಚಾಗುವುದೇ ಇಲ್ಲ. ವಾಸನೆ ಇಲ್ಲ, ಕೆಮ್ಮು ಇಲ್ಲ, ಸಂಕಟವೂ ಇಲ್ಲ. ನೀನು ನೆಟ್ಟಗೆ ನಿಂತಿರುತ್ತೀಯ, ಆಮೇಲೆ ಇರುವುದಿಲ್ಲ. ತಣ್ಣಗಿನ ಅನಿಲ ಕೆಳಗೇ ನಿಲ್ಲುತ್ತದೆ, ಬಗ್ಗಿದವರಿಗೆ ಮೊದಲು ತಗಲುತ್ತದೆ. ಆ ಹಲ್ಲಿಗಳು ಚಳಿಗೆ ಸತ್ತದ್ದಲ್ಲ ಅಕ್ಕ.

ಕಾಲೇಜಿನಿಂದ ಬಂದರೆ ಬಾಗಿಲಲ್ಲೇ ನಿನ್ನ ಕಾಗದ. ಕಿಟಕಿಗೆ ಹಲಗೆ ಹೊಡೆದಾಯಿತು ಎಂದು ಓದಿದೆ. ಹತ್ತು ಸಲ ಫೋನು ಮಾಡಿದೆ, ಗೊರ್ ಎನ್ನುವ ಸದ್ದು ಬಿಟ್ಟರೆ ಏನೂ ಇಲ್ಲ. ಕಾಗದ ಗುಡ್ಡದ ಬುಡಕ್ಕೆ ಬುಧವಾರ ಮುಟ್ಟುತ್ತದೆ ಅನ್ನುತ್ತಾರೆ ಅಂಚೆಯವರು. ಮಂಗಳವಾರದ ವ್ಯಾನು ಅಷ್ಟರಲ್ಲಿ ಹತ್ತಿಹೋಗಿರುತ್ತದೆ. ಯಾರಾದರೂ ನಡೆದುಕೊಂಡು ಮೇಲೆ ಬರುವವರ ಕೈಯಲ್ಲಿ ಕಳಿಸಿ ಎಂದು ಲಕೋಟೆಯ ಮೇಲೆ ದೊಡ್ಡದಾಗಿ ಬರೆದಿದ್ದೇನೆ.

ಚೂಟಿ


ಜುಲೈ ೭, ಸೋಮವಾರ

ಅಕ್ಕ,

ಮೊದಲಿನ ಕಾಗದ ಕಳೆದುಹೋದರೆ ಎಂದು ಮತ್ತೊಂದು ಬರೆಯುತ್ತಿದ್ದೇನೆ. ಕಿಟಕಿ ಒಡೆ. ಹೊರಗೆ ತುಂಬು. ಯಾರಾದರೂ ಬಿದ್ದರೆ ಒಳಗೆ ಓಡಬೇಡ.

ಇಲ್ಲಿರುವ ನಿಮ್ಮ ಪ್ರಧಾನ ಕಚೇರಿಗೆ ಹೋಗಿದ್ದೆ. ಅವರ ಹತ್ತಿರ ಗುಡ್ಡಕ್ಕೆ ಮಾತಾಡುವ ವೈರ್‌ಲೆಸ್ ಇದೆಯಂತೆ. ಕಚೇರಿ ಮುಚ್ಚಿತ್ತು. ಮತ್ತೆ ಹೋಗುತ್ತೇನೆ.

ಫೋನು ಇನ್ನೂ ಗೊರ್ ಅನ್ನುತ್ತಿದೆ. ಅಪ್ಪ ಅಮ್ಮ ಹೋದ ಮೇಲೆ ನನಗೆ ಇರುವವಳು ನೀನೊಬ್ಬಳು. ಅದು ನಿನಗೆ ಗೊತ್ತು, ಆದರೂ ಬರೆಯುತ್ತಿದ್ದೇನೆ.

ಚೂಟಿ


ಜುಲೈ ೧೦, ಗುರುವಾರ

ಅಕ್ಕ,

ಇದು ಯಾವ ಕಾಲಕ್ಕೂ ಸಮಯಕ್ಕೆ ಮುಟ್ಟುವುದಿಲ್ಲ ಎಂದು ಗೊತ್ತಿದ್ದೇ ಬರೆಯುತ್ತಿದ್ದೇನೆ. ಬರೆಯುತ್ತಾ ಇದ್ದರೆ ನೀನು ಓದುತ್ತಾ ಇರುತ್ತೀಯ ಅನ್ನಿಸುತ್ತದೆ.

ಇನ್ನು ಎರಡು ದಿನ. ನನಗೆ ಹೆದರಿಕೆ. ಗೊಣಗಪ್ಪನವರ ಮಾತು ಕೇಳು. ನನ್ನ ಮಾತು ಕೇಳಬೇಡ, ದಯವಿಟ್ಟು.

ಚೂಟಿ


ಜುಲೈ ೧೪, ಸೋಮವಾರ

ಪ್ರೀತಿಯ ಚೂಟಿಗೆ,

ಆಸ್ಪತ್ರೆಯ ಜೀಪು ನಿಮ್ಮ ಊರಿಗೆ ವಾಪಸು ಹೊರಟಿದೆ, ಅವರ ಕೈಯಲ್ಲಿ ಈ ಕಾಗದ ಕೊಡುತ್ತಿದ್ದೇನೆ. ನಾನು ಚೆನ್ನಾಗಿದ್ದೇನೆ. ಅದನ್ನು ಮೊದಲು ಓದಿಕೋ.

ಶನಿವಾರ ಬೆಳಿಗ್ಗೆ ಕ್ಯಾನು ತುಂಬಲು ಶುರು ಮಾಡಿದೆವು. ಐದು ಆಗಿತ್ತು. ಆರನೆಯದಕ್ಕೆ ಸುರಿಯುವಾಗ ಸಾಹೇಬರು ಪುಸ್ತಕ ತರಲು ಕರೆದರು, ನಾನು ಹೊರಗೆ ಹೋದೆ. ವಾಪಸು ಬಂದು ಬಾಗಿಲು ತೆಗೆದರೆ ಲಾರಿ ಅಣ್ಣ ಕ್ಯಾನುಗಳ ಮಧ್ಯೆ ಅಡ್ಡ ಮಲಗಿದ್ದಾರೆ. ನನಗೆ ನಗು ಬಂತು ಚೂಟಿ. "ಏಳಣ್ಣ, ನಾಟಕ ಸಾಕು" ಅಂದೆ. ಎರಡು ಸಲ ಅಂದೆ.

ಎಬ್ಬಿಸಲು ಒಳಗೆ ಹೋಗಿ ಬಗ್ಗಿದೆ. ಏನೂ ಅನ್ನಿಸಲಿಲ್ಲ. ಮೊಣಕಾಲು ಯಾರದೋ ಎಂಬಂತೆ ಮಡಚಿಕೊಂಡಿತು, ಅಷ್ಟೆ. ಯಾರೋ ಜಡೆ ಹಿಡಿದು ಹಿಂದಕ್ಕೆ ಎಳೆದರು, ಅಂಗಳದ ಮಣ್ಣಿನಲ್ಲಿ ಬಿದ್ದೆ. ಗೊಣಗಪ್ಪನವರು. ಬೆಳಗಿನಿಂದ ನೀರಿನ ತೊಟ್ಟಿಯ ಪಕ್ಕ ಕೂತಿದ್ದರಂತೆ. ನಾನು ಮತ್ತೆ ಒಳಗೆ ನುಗ್ಗಲು ಹೋದರೆ ಕೆನ್ನೆಗೆ ಹೊಡೆದರು. "ಬಿದ್ದವ್ರನ್ನ ಎತ್ತೋಕೆ ಹೋದವ್ರೇ ಸಾಯೋದು. ನಮ್ಮಣ್ಣ ಹಂಗೇ ಹೋದ" ಅಂದರು. ಹಾರೆಯಿಂದ ಹಲಗೆ ಒಡೆದರು, ಗಾಳಿ ನುಗ್ಗಿತು, ಉಸಿರು ಬಿಗಿಹಿಡಿದು ಒಳಗೆ ಹೋಗಿ ಕಾಲು ಹಿಡಿದು ಎಳೆದು ತಂದರು. ಎಪ್ಪತ್ತು ವರ್ಷದ ಮುದುಕರು.

ಇದನ್ನು ಯಾಕೆ ಮೊದಲೇ ಹೇಳಲಿಲ್ಲ ಎಂದು ಆಮೇಲೆ ಕಿರುಚಿದೆ. "ಹೇಳೋಕೆ ಬಂದಿದ್ದೆ. ನೀನು ಕಾಗದ ಓದ್ದೆ" ಅಂದರು.

ಲಾರಿ ಅಣ್ಣನ ಉಸಿರು ಇದೆ, ಎಚ್ಚರವಿಲ್ಲ. ಇದೇ ಜೀಪಿನಲ್ಲಿ ನಿಮ್ಮ ಊರಿನ ದೊಡ್ಡಾಸ್ಪತ್ರೆಗೆ ಸಾಗಿಸುತ್ತಿದ್ದಾರೆ. ಕಣ್ಣು ತೆರೆಯುತ್ತಾರೋ ಇಲ್ಲವೋ, ತೆರೆದರೂ ಹೆಂಡತಿಯ ಗುರುತು ಹತ್ತುತ್ತದೋ ಇಲ್ಲವೋ, ಯಾರೂ ಹೇಳುತ್ತಿಲ್ಲ.

ನೀನು ಕೊರಗಬೇಡ. ನಿನ್ನ ಲೆಕ್ಕ ತಪ್ಪಿರಲು ಸಾಧ್ಯವಿಲ್ಲ. ನಾನೇ ಅಳತೆ ತಪ್ಪಾಗಿ ಕೊಟ್ಟಿರಬೇಕು. ನನ್ನ ಕೈಯಲ್ಲಿ ಟೇಪು ಯಾವತ್ತು ನೆಟ್ಟಗೆ ನಿಂತಿದೆ? ಸಾಹೇಬರು ಕೇಳಿದಾಗ ಹಾಗೆಂದೇ ಬರೆದು ಸಹಿ ಹಾಕಿ ಕೊಟ್ಟಿದ್ದೇನೆ. ನಿನ್ನ ಕಾಗದದ ಮೇಲೆ ಯಾರೂ ಬೆರಳು ತೋರಿಸಬಾರದು.

ನಿನ್ನ ಅಕ್ಕ


ಜುಲೈ ೧೫, ಮಂಗಳವಾರ

ಚೂಟಿ,

ಈಗತಾನೆ ವ್ಯಾನು ಬಂತು. ನಿನ್ನ ಮೂರು ಕಾಗದ ಒಟ್ಟಿಗೆ ಬಂದವು. ಚಾಲಕ ಕಾಯುತ್ತಿದ್ದಾನೆ, ಬೇಗ ಬರೆಯುತ್ತೇನೆ.

ಮೂರನ್ನೂ ಓದಿ ಒಲೆಗೆ ಹಾಕಿದೆ. ನೀನು ಯಾರ ಮುಂದೆಯೂ ಬಾಯಿ ಬಿಡಬೇಡ. ಅಳತೆ ತಪ್ಪು ಎಂದು ನಾನು ಬರೆದುಕೊಟ್ಟಾಗಿದೆ. ಸಾಹೇಬರಿಗೂ ಅದೇ ಬೇಕಾಗಿದೆ, ಕಿಟಕಿ ಮುಚ್ಚಿಸಿದ್ದು ಅವರಲ್ಲವೇ. ನನ್ನ ಕೆಲಸ ಹೋದರೆ ಮತ್ತೆ ಕೊಟ್ಟಿಗೆ ಇದ್ದೇ ಇದೆ. ನಿನ್ನ ಓದು ಹಾಳಾದರೆ ಇಬ್ಬರಿಗೂ ಏನೂ ಉಳಿಯುವುದಿಲ್ಲ. ಕ್ಲಾಸಿಗೆ ಮೊದಲು ಬರುವವಳಿಗೂ ಒಮ್ಮೆ ಕೈ ತಪ್ಪುತ್ತದೆ.

ಒಂದು ಮಾತು ಮಾತ್ರ ಅರ್ಥವಾಗಲಿಲ್ಲ. ನೀನು ಕಚೇರಿಗೆ ಹೋದದ್ದು ಸೋಮವಾರ. ಸೋಮವಾರ ನಮ್ಮ ಪ್ರಧಾನ ಕಚೇರಿ ಯಾಕೆ ಮುಚ್ಚಿತ್ತು?

ಅಕ್ಕ


ಜುಲೈ ೨೦, ಭಾನುವಾರ

ಅಕ್ಕ,

ಕಚೇರಿ ಮುಚ್ಚಿರಲಿಲ್ಲ.

ಕಿಟಕಿಯ ಬಳಿ ಒಬ್ಬ ಗುಮಾಸ್ತರು ಕೂತಿದ್ದರು. ವಿಷಯ ಹೇಳಿದೆ. "ಬರವಣಿಗೆಯಲ್ಲಿ ಕೊಡಿ, ತಕ್ಷಣ ಮೇಲಕ್ಕೆ ತಿಳಿಸ್ತೀವಿ" ಅಂದು ಹಾಳೆ ಕೊಟ್ಟರು. ಹೆಸರು, ಕಾಲೇಜು, ತರಗತಿ, ಲೆಕ್ಕ ಮಾಡಿದವರು ಯಾರು. "ಕಾಲೇಜಿಗೆ ಒಂದು ಮಾತು ಕೇಳ್ತೀವಿ, ನೀವು ಹೇಳೋದು ನಿಜಾನಾ ಅಂತ" ಅಂದರು. ಪೆನ್ನು ಹಿಡಿದು ಐದು ನಿಮಿಷ ನಿಂತಿದ್ದೆ. ಆಮೇಲೆ ಹಾಳೆ ಅಲ್ಲೇ ಬಿಟ್ಟು ಹೊರಗೆ ಬಂದೆ.

ನಾನು ಕ್ಲಾಸಿಗೆ ಮೊದಲು ಬಂದವಳಲ್ಲ. ಹೋದ ವರ್ಷ ಭೌತಶಾಸ್ತ್ರದಲ್ಲಿ ಫೇಲಾದೆ. ಮತ್ತೆ ಕಟ್ಟಿದೆ, ಮತ್ತೆ ಫೇಲಾದೆ. ನೀನು ಕೊಟ್ಟಿಗೆಯಿಂದ ಬಂದು ಕೈ ತೊಳೆದು ನನಗೆ ಬರೆಯುವ ಕಾಗದಗಳಿಗೆ ಆ ಸುದ್ದಿ ಉತ್ತರವಾಗಿ ಬರೆಯಲು ಆಗಲಿಲ್ಲ. ಮೊದಲು ಬಂದೆ ಎಂದು ಬರೆದೆ. ಮೂರನೆಯದು, ಕೊನೆಯ ಅವಕಾಶ, ಜುಲೈ ೧೦ಕ್ಕೆ ಇತ್ತು. ಗುಡ್ಡಕ್ಕೆ ಬಸ್ಸಿನಲ್ಲಿ ಎರಡು ದಿನದ ದಾರಿ. ಸೋಮವಾರವೇ ಹತ್ತಿದ್ದರೆ ಬುಧವಾರ ನಿನ್ನ ಮುಂದೆ ನಿಂತಿರುತ್ತಿದ್ದೆ. ನಿಲ್ದಾಣದ ತನಕ ಹೋಗಿಯೂ ಇದ್ದೆ. ವಾಪಸು ಬಂದು ಪರೀಕ್ಷೆ ಬರೆದೆ. ಅಡಿಯನ್ನು ಮೀಟರಿಗೆ ತರುವ ಲೆಕ್ಕ ಬಂದಿತ್ತು, ಸರಿಯಾಗಿ ಮಾಡಿದೆ. ಅದೇ ಸಂಜೆ ನಿನಗೆ ಮೂರನೇ ಕಾಗದ ಬರೆದು ಹೆದರಿಕೆ ಅಂದೆ. ಹೆದರಿಕೆ ನಿಜವಾಗಿಯೂ ಇತ್ತು. ಆದರೆ ನಿನ್ನ ಜೀವಕ್ಕೆ ಹೆದರಿದಷ್ಟೇ ನಾನು ಸಿಕ್ಕಿಬೀಳುವುದಕ್ಕೂ ಹೆದರಿದ್ದೆ. ಇದನ್ನು ಓದಿದ ಮೇಲೆ ನನ್ನ ಮುಖ ನೋಡುತ್ತೀಯೋ ಇಲ್ಲವೋ ತಿಳಿಯದು.

ಬಾಯಿ ಬಿಡಬೇಡ ಎಂಬ ನಿನ್ನ ಕಾಗದ ನಿನ್ನೆ ಬಂತು. ಅಷ್ಟರಲ್ಲಿ ಬಿಟ್ಟಾಗಿತ್ತು. ನೀನು ನನ್ನ ತಪ್ಪನ್ನು ನಿನ್ನ ಕೈಯಾರೆ ಬರೆದು ಸಹಿ ಹಾಕಿದ್ದು ಓದಿ, ಗುರುವಾರ ಅದೇ ಗುಮಾಸ್ತರ ಮುಂದೆ ನಿಂತು ಎಲ್ಲವನ್ನೂ ಬರೆದುಕೊಟ್ಟೆ. ಅಳತೆ ಸರಿಯಾಗಿತ್ತು, ಲೆಕ್ಕ ನನ್ನದು, ಏಳನೇ ತಾರೀಖು ಬಂದು ಹೇಳದೆ ಹೋದವಳೂ ನಾನೇ ಎಂದು ಬರೆದೆ. ಅವರು ನನ್ನ ಗುರುತು ಹಿಡಿದರು. ಕನ್ನಡಕ ತೆಗೆದು ಒರೆಸಿಕೊಂಡರು.

ಇವತ್ತು ದೊಡ್ಡಾಸ್ಪತ್ರೆಗೆ ಬಂದಿದ್ದೇನೆ. ಎರಡನೇ ಮಹಡಿಯ ಓಣಿಯಲ್ಲಿ ಒಂದು ಉದ್ದ ಬೆಂಚಿದೆ, ಗಾಜಿನ ಬಾಗಿಲ ಆಚೆ ಲಾರಿ ಅಣ್ಣ. ಮೂಗಿನಲ್ಲಿ ಕೊಳವೆ, ಕಣ್ಣು ಅರ್ಧ ತೆರೆದಿದೆ, ಏನನ್ನೂ ನೋಡುತ್ತಿಲ್ಲ. ಬೆಂಚಿನ ಮೇಲೆ ಅವರ ಹೆಂಡತಿ ಕೂತಿದ್ದರು. ಯಾರು ಎಂದು ಕೇಳಿದರು. ಬೀಜದ ಕೋಣೆಯವಳ ತಂಗಿ ಅಂದೆ. ಅವರ ಮುಖ ಅರಳಿತು ಅಕ್ಕ.

"ದೊಡ್ಡ ಓದು ಓದ್ತಿರೋ ಹುಡುಗಿ ನೀನೇನಾ? ಇವ್ರು ಮನೇಲಿ ಹೇಳ್ತಾನೇ ಇದ್ರು" ಅಂದು ಪಕ್ಕಕ್ಕೆ ಕೂರಿಸಿಕೊಂಡು ನನ್ನ ಕೈ ಹಿಡಿದರು. "ಈ ಡಾಕ್ಟ್ರು ಯಾರೂ ಬಾಯ್ಬಿಟ್ಟು ಹೇಳ್ತಿಲ್ಲಮ್ಮ. ಎಷ್ಟು ಹೊತ್ತು ಒಳಗಿದ್ರು, ಎಷ್ಟು ಗಾಳಿ ಇತ್ತು, ಎಲ್ಲಾ ನಿಂಗೆ ಗೊತ್ತಿರುತ್ತಲ್ಲ. ಒಂದು ಲೆಕ್ಕ ಮಾಡಿ ಹೇಳು ತಾಯಿ, ಇವ್ರು ಯಾವಾಗ ಏಳ್ತಾರೆ?"

ಎದ್ದು ಓಡಬೇಕು ಅನ್ನಿಸಿತು, ಮೆಟ್ಟಿಲು ನಾಲ್ಕೇ ಹೆಜ್ಜೆಯಲ್ಲಿತ್ತು. ಓಡಲಿಲ್ಲ. ಹೇಳಿದೆ. ಕಿಟಕಿ, ಕಾಗದ, ಒಂದು ಸಲ ಭಾಗಿಸಿದ್ದು, ಗುಮಾಸ್ತರು, ಬಸ್ಸು, ಪರೀಕ್ಷೆ, ಎಲ್ಲ. ಅವರಿಗೆ ಎಷ್ಟು ಅರ್ಥವಾಯಿತೋ ಗೊತ್ತಿಲ್ಲ, ನಾನು ಯಾರು ಎಂಬುದಂತೂ ಅರ್ಥವಾಯಿತು. ಮೆಲ್ಲಗೆ ಕೈ ಬಿಟ್ಟರು. ಬೆಂಚಿನ ಆ ತುದಿಗೆ ಸರಿದು ಗಾಜಿನ ಕಡೆ ತಿರುಗಿ ಕೂತರು.

ಎದ್ದು ಹೋಗು ಎಂದು ಇನ್ನೂ ಅಂದಿಲ್ಲ. ಈ ತುದಿಯಲ್ಲಿ ಕೂತು ನಿನಗೆ ಬರೆಯುತ್ತಿದ್ದೇನೆ. ಅವರು ಬೆಂಚಿನಿಂದ ಏಳುವ ತನಕ ನಾನೂ ಏಳುವುದಿಲ್ಲ.

ಚೂಟಿ